ಕರಡಿಯ ಕೆಳಗಿನ ಸನಾದಿ

ಹೋದ ಶ್ರಾವಣದಲ್ಲಿ ಸಂಬಂಧಿಕರ ಮನೆಯ ಪೂಜೆಗೆಂದು ಬೈಲಹೊಂಗಲಕ್ಕೆ ಹೋಗಿದ್ದೆ. ಊಟ ಮುಗಿಸಿ ಬಜಾರದಲ್ಲಿ ನಿಧಾನ ನಡೆದು ಬರುವಾಗ, ಮೊಬೈಲ್ ರಿಪೇರಿಯ ಸಣ್ಣ ಅಂಗಡಿಯೊಂದರಿಂದ ಬೆಸುಗೆಯ ಹೊಗೆ ಬಂದು ಮೂಗಿಗೆ ತಾಗಿತು. ಕರಗಿದ ಸೀಸ, ಅದರೊಡನೆ ಸುಟ್ಟ ರಾಳ. ಅಲ್ಲೇ ನಿಂತುಬಿಟ್ಟೆ. ಒಳಗಿದ್ದವನು ತಲೆಯೆತ್ತಿ ಏನಾಗಬೇಕೆಂದು ಕೇಳಿದ. ಏನೂ ಬೇಡವೆಂದೆ, ಆದರೂ ಕಾಲು ಕೀಳಲಾಗಲಿಲ್ಲ. ನಿನ್ನೆ ಭೇಟಿಯಾದವರ ಹೆಸರು ಇವತ್ತು ನೆನಪಾಗದ ವಯಸ್ಸು ನನ್ನದು. ಆ ಹೊಗೆ ಮಾತ್ರ ಎಪ್ಪತ್ತರ ದಶಕದ ಒಂದು ಮಳೆಗಾಲವನ್ನು, ಅದರ ಕೆಸರು, ಅದರ ಜನ, ಅದರೊಳಗಿನ ನನ್ನ ತಪ್ಪು ಸಮೇತ, ಕಣ್ಣೆದುರು ತಂದು ನಿಲ್ಲಿಸಿತು.

ಆಗ ನನಗೆ ಇಪ್ಪತ್ತೇಳು. ನಮ್ಮದು ಸವದತ್ತಿಯ ವೈದಿಕರ ಮನೆ. ತಂದೆ ಮಂತ್ರ ಹೇಳಿಕೊಡುವಾಗ ನಮ್ಮ ಸ್ವರ ಕೂದಲೆಳೆಯಷ್ಟು ಮೇಲೆ ಹೋದರೂ ಮುಚ್ಚಿದ ಕಣ್ಣು ತೆರೆಯುತ್ತಿದ್ದರು. ಅವರ ಮುಂದೆ ಕುಳಿತು ಪಳಗಿದ ಕಿವಿ ನನ್ನದೆಂದು ನನಗೆ ಹೆಮ್ಮೆ ಇತ್ತು. ಪೌರೋಹಿತ್ಯ ಬಿಟ್ಟು ರೇಡಿಯೋ ತಂತ್ರದ ಡಿಪ್ಲೊಮಾ ಮಾಡಿಕೊಂಡು, ಹಳ್ಳಿಯ ವಾದ್ಯಗಳನ್ನು ಟೇಪಿನ ಮೇಲೆ ಹಿಡಿದಿಡುವ ಧಾರವಾಡದ ಒಂದು ಸಣ್ಣ ಸಂಸ್ಥೆಯನ್ನು ಸೇರಿದ್ದೆ.

ಸೇರಿದ ಮೊದಲ ವರ್ಷದ ಸುಗ್ಗಿಯಲ್ಲಿ ಮುರಗೋಡದ ಹತ್ತಿರದ ಒಂದು ಹಳ್ಳಿಗೆ ಹೋಗಿ ಕರಡಿಮಜಲಿನ ಮೇಳವೊಂದನ್ನು ಮುದ್ರಿಸಿಕೊಂಡು ಬಂದಿದ್ದೆ. ಅಣ್ಣ ಬಸಲಿಂಗಪ್ಪನವರದು ಕರಡಿ, ತಮ್ಮ ಮಲ್ಲಪ್ಪನವರದು ಸನಾದಿ, ತಾಳಕ್ಕೆ ನೆರೆಮನೆಯ ಇಬ್ಬರು. ಕರಡಿ ಎಂದರೆ ಸೊಂಟಕ್ಕೆ ಕಟ್ಟಿಕೊಂಡು ಬಾರಿಸುವ ದೊಡ್ಡ ಚರ್ಮವಾದ್ಯ. ಕೋಲಿನಿಂದ ಹೊಡೆದರೆ ಹತ್ತಿರ ನಿಂತವರ ಎದೆಗೂಡು ನಡುಗುತ್ತದೆ, ಉಜ್ಜಿದರೆ ನಿಜವಾದ ಕರಡಿಯೇ ಗುರುಗುಟ್ಟಿದಂತಾಗುತ್ತದೆ. ಆ ಗುಡುಗಿನ ಮೇಲೆ, ಶಹನಾಯಿಯಂತೆ ಊದುವ ಸನಾದಿ ತನ್ನ ಸಣ್ಣ ದನಿಯಲ್ಲಿ ಹಾಡಿಕೊಂಡು ಹೋಗಬೇಕು. ಊರಿನ ಬಯಲಿನಲ್ಲಿ ನಿಂತು ಕೇಳಿದಾಗ ಎರಡೂ ಸರಿಯಾಗಿಯೇ ಇದ್ದವು. ಧಾರವಾಡಕ್ಕೆ ಬಂದು ಟೇಪು ಹಚ್ಚಿದರೆ ಬರೀ ಗುಡುಗು. ಕೋಲು ಬಿದ್ದಾಗಲೆಲ್ಲ ಸನಾದಿ ಅದರಡಿ ಸಿಕ್ಕು ಅಡಗಿಹೋಗುತ್ತಿತ್ತು. ಟೇಪಿನ ಡಬ್ಬಿಯ ಮೇಲೆ ಷರಾ ಬರೆಯುವುದು ನನ್ನ ಕೆಲಸ. ‘ಕರಡಿ ಉತ್ತಮ, ಸನಾದಿ ಕ್ಷೀಣ’ ಎಂದು ಬರೆದು ಕಪಾಟಿನಲ್ಲಿಟ್ಟೆ. ತಪ್ಪು ನಾನು ಮೈಕು ಇಟ್ಟ ರೀತಿಯದೋ, ಊದಿದವರದೋ ಎಂದು ಎರಡನೆಯ ಸಲ ಯೋಚಿಸಲಿಲ್ಲ.

ಎರಡು ವರ್ಷದ ಮೇಲೆ, ಆಷಾಢ ಹಿಡಿದ ವಾರವೇ, ನಮ್ಮ ಮೇಲಧಿಕಾರಿ ಆ ಡಬ್ಬಿಯನ್ನು ಮತ್ತೆ ನನ್ನ ಕೈಗಿಟ್ಟರು. ಆಷಾಢದಲ್ಲಿ ಮದುವೆಗಳಿಲ್ಲ, ವಾದ್ಯದವರು ಊರಲ್ಲೇ ಸಿಗುತ್ತಾರೆ, ಹೋಗಿ ಮತ್ತೊಮ್ಮೆ ಹಿಡಿದುಕೊಂಡು ಬಾ ಎಂದರು. ಹೊಸ ಟೇಪು ಸಿಗುವುದೇ ಕಷ್ಟವಾಗಿದ್ದ ಕಾಲ. ಹಳೆಯದು ಹೇಗೂ ಕೆಟ್ಟಿದೆ, ಅದನ್ನು ಅಳಿಸಿ ಅದರ ಮೇಲೆಯೇ ಮಾಡು ಎಂದರು. ಆ ಸಲ ಕೊಟ್ಟದ್ದು ಎರಡು ಪಟ್ಟಿಯ ಯಂತ್ರ. ಒಂದೇ ಟೇಪಿನ ಅಗಲದಲ್ಲಿ ಎರಡು ಧ್ವನಿಗಳನ್ನು ಅಕ್ಕಪಕ್ಕ ಬರೆಯುತ್ತಿತ್ತು, ಆಮೇಲೆ ಒಂದೊಂದನ್ನೇ ಬೇರೆಯಾಗಿ ಕೇಳಬಹುದಿತ್ತು.

ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ಒಂದು ಖೋಲಿ ಹಿಡಿದೆ. ಅಲ್ಲಿಯ ಮಳೆ ಆರ್ಭಟದ್ದಲ್ಲ. ಬೆಳಿಗ್ಗೆ ಶುರುವಾದರೆ ಸಂಜೆಯವರೆಗೆ ಜಿಟಿಜಿಟಿ, ನಡುವೆ ಒಂದಿಷ್ಟು ಹೊತ್ತು ಬಿಳುಪು ಬಿಸಿಲು, ಮತ್ತೆ ಅದೇ. ಡಾಂಬರು ಬಿಟ್ಟು ನಾಲ್ಕು ಹೆಜ್ಜೆ ಇಟ್ಟರೆ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಕಾಲು ಮಣಭಾರವಾಗುತ್ತಿತ್ತು. ಬಸ್ಸಿಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಬಸಲಿಂಗಪ್ಪನವರ ಮನೆ ಸೇರುವಷ್ಟರಲ್ಲಿ ಮೊಣಕಾಲಿನವರೆಗೆ ಕಪ್ಪಾಗಿದ್ದೆ.

ಅವರಿಗೆ ಅರವತ್ತು ದಾಟಿತ್ತು. ದೊಡ್ಡ ಮೈಕಟ್ಟು, ಅಗಲವಾದ ಅಂಗೈ. ಎದುರಿಗೆ ಕುಳಿತವನೊಡನೆ ಹೊಲದಾಚೆಗಿನವನನ್ನು ಕೂಗಿದಂತೆ ಮಾತನಾಡುತ್ತಿದ್ದರು. ಕರಡಿಯವರೆಲ್ಲ ಹೀಗೇ ಇರಬಹುದೆಂದುಕೊಂಡೆ. ಕರಡಿ ಬಾರಿಸಲು ಅವರು ಸಿದ್ಧ. ಆದರೆ ಮೇಳದಲ್ಲಿ ಸನಾದಿ ಇಲ್ಲ ಎಂದರು.

“ಅವನ ಎದ್ಯಾಗ ಉಸರ ಉಳದಿಲ್ರೀ,” ಎಂದರು ತಮ್ಮನ ಬಗ್ಗೆ. ಅವನು ಹೋದ ಮೇಲೆ ಇನ್ನಿಬ್ಬರು ಬಂದಿದ್ದರಂತೆ. ಅವರಲ್ಲೂ ಉಸಿರಿರಲಿಲ್ಲವಂತೆ.

ಉಳಿದದ್ದನ್ನು ತಾಳದವರು ನನ್ನನ್ನು ಬಸ್ಸಿನವರೆಗೆ ಕಳಿಸಲು ಬಂದಾಗ ಹೇಳಿದರು. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ, ಕಿತ್ತೂರಿನ ವರ್ತಕರೊಬ್ಬರ ಮನೆಯ ಮದುವೆ. ನಡು ಹಂದರದಲ್ಲಿ ಮಜಲು ಜೋರು ಹಿಡಿದಿದ್ದಾಗ ಬಸಲಿಂಗಪ್ಪನವರು ತಟ್ಟನೆ ಕೋಲು ನಿಲ್ಲಿಸಿದರು. ಕೂಡಿದ ಜನರೆಲ್ಲರ ಮುಂದೆ, ನಿನ್ನ ಉಸಿರು ಸತ್ತಿದೆ, ಸನಾದಿ ಕೆಳಗಿಡು ಎಂದು ತಮ್ಮನಿಗೆ ಹೇಳಿದರು. ಮಲ್ಲಪ್ಪನವರು ಸನಾದಿಯನ್ನು ಚೀಲಕ್ಕೆ ಸೇರಿಸಿ ಹಂದರ ಬಿಟ್ಟು ಹೋದರು. ಮರುವಾರವೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಚಚಡಿಯ ಕಡೆಗಿನ ಬೀಗರ ಊರಿಗೆ ಹೋದವರು ತಿರುಗಿ ಬರಲಿಲ್ಲ.

ನನ್ನ ಟೇಪು ಕೇಳಿ ನಾನೂ ಅದೇ ತೀರ್ಮಾನಕ್ಕೆ ಬಂದಿದ್ದೆನಲ್ಲ ಎಂದು ಸಮಾಧಾನಪಟ್ಟುಕೊಂಡೆ. ಆ ಸಮಾಧಾನವನ್ನು ನೆನೆದರೆ ಈಗಲೂ ಮೈ ಮುದುಡುತ್ತದೆ.

ಬೈಲಹೊಂಗಲದಲ್ಲಿ ಆ ದಿನಗಳಲ್ಲಿ ನನಗೆ ಗೆಳೆಯನಾದವನು ದಾವಲಸಾಬ. ನನ್ನ ವಾರಗೆಯವನು, ರೇಡಿಯೋ ರಿಪೇರಿ ಮಾಡುತ್ತಿದ್ದ. ಸಾಲೆ ಬಿಟ್ಟು ಕೈಕೆಲಸ ಕಲಿತವನು. ಆದರೆ ನಾನು ಡಿಪ್ಲೊಮಾದಲ್ಲಿ ಬರೀ ಚಿತ್ರ ಬರೆದು ಬಿಟ್ಟಿದ್ದನ್ನೆಲ್ಲ ಅವನು ಕೈಯಿಂದ ಮಾಡಿ ನೋಡಿದ್ದ. ಕರಡಿ ಬಂದಾಗ ಸನಾದಿ ಸಾಯುತ್ತದೆ, ಬೇರೆ ಸನಾದಿಯವರು ಸಿಕ್ಕರೂ ಟೇಪಿನಲ್ಲಿ ಅದೇ ಗತಿಯಾದೀತು ಎಂದು ಒಂದು ಸಂಜೆ ಅವನೆದುರು ಹೇಳಿಕೊಂಡೆ. ಅವನು ರಿಪೇರಿಗೆ ಬಂದಿದ್ದ ದೊಡ್ಡದೊಂದು ರೇಡಿಯೋದ ಬೆನ್ನು ಬಿಚ್ಚಿ ತೋರಿಸಿದ. ಒಳಗೆ ಎರಡು ಸ್ಪೀಕರು: ದಪ್ಪ ದನಿಗೆ ದೊಡ್ಡದು, ಸಣ್ಣ ದನಿಗೆ ಚಿಕ್ಕದು. ನಡುವೆ ತಂತಿಯ ಒಂದು ಸುರುಳಿ, ಒಂದು ಕಂಡೆನ್ಸರು. ಸುರುಳಿ ದಪ್ಪ ದನಿಯನ್ನಷ್ಟೇ ದಾಟಿಸುತ್ತದೆ, ಕಂಡೆನ್ಸರು ಸಣ್ಣದನ್ನಷ್ಟೇ. ಸ್ಪೀಕರಿಗೆ ಮಾಡುವುದನ್ನು ಟೇಪಿಗೆ ಯಾಕೆ ಮಾಡಬಾರದು ಎಂದು ಕೇಳಿದ.

ನನಗೆ ಹೊಳೆಯಬೇಕಾಗಿದ್ದ ಮಾತು ಅದು. ಮೈಕಿನಿಂದ ಬರುವ ದನಿಯನ್ನು ದಾರಿಯಲ್ಲೇ ಎರಡಾಗಿ ಒಡೆದು, ದಪ್ಪದ್ದನ್ನು ಒಂದು ಪಟ್ಟಿಗೆ, ಸಣ್ಣದನ್ನು ಇನ್ನೊಂದಕ್ಕೆ ಕಳಿಸಿದರೆ, ಕರಡಿಯನ್ನು ಅದರ ಪಟ್ಟಿಯಲ್ಲಿ ತಗ್ಗಿಸಿ ಹಿಡಿಯಬಹುದು, ಸನಾದಿಯನ್ನು ಅದರದರಲ್ಲಿ ಪೂರ್ತಿ ಬಿಡಬಹುದು. ನಾಲ್ಕು ದಿನ ಅವನ ಅಂಗಡಿಯಲ್ಲೇ ಕುಳಿತೆವು. ಸುಟ್ಟ ಫ್ಯಾನಿನ ಮೋಟರಿನಿಂದ ತಾಮ್ರದ ತಂತಿ ಬಿಚ್ಚಿ, ಹೊಲಿಗೆ ದಾರದ ಖಾಲಿ ರೀಲಿಗೆ ಸುತ್ತಿದೆವು. ಸುತ್ತು ಎಣಿಸುತ್ತ ತಪ್ಪುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಭಜನೆ ಮನೆಯಿಂದ ಹಾರ್ಮೋನಿಯಂ ತಂದು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸ್ವರದ ಮನೆ ಒತ್ತಿದೆವು. ಯಾವ ಸ್ವರಕ್ಕೆ ಯಂತ್ರದ ಮೇಲೆ ದನಿಯ ಮಟ್ಟ ತೋರಿಸುವ ಎಡಗಡೆಯ ಸೂಜಿ ಸೋತು ಬಲಗಡೆಯದು ಏಳುತ್ತದೆಂದು ನೋಡಿ, ಕಂಡೆನ್ಸರು ಬದಲಿಸಿ, ಮತ್ತೆ ಬೆಸುಗೆ ಹಾಕುತ್ತಿದ್ದ ದಾವಲಸಾಬ. ಕಡೆಗೆ ಚಹಾಪುಡಿಯ ಡಬ್ಬಿಯೊಂದರಲ್ಲಿ ಅದೆಲ್ಲ ಕೂತಿತು.

ಹಳೆಯ ಟೇಪನ್ನು ಅಳಿಸುವ ಮುಂಚೆ ಅದನ್ನೇ ಒಮ್ಮೆ ಈ ಡಬ್ಬಿಯ ಮೂಲಕ ಹಾಯಿಸಿ ನೋಡೋಣ ಎಂದವನೂ ಅವನೇ.

ಅದು ಸಂತೆಯ ದಿನ. ಕರಡಿಗೆ ಹೊಸ ಹಗ್ಗ ಕೊಳ್ಳಲು ಪೇಟೆಗೆ ಬಂದಿದ್ದ ಬಸಲಿಂಗಪ್ಪನವರು, ಹಳೆಯ ಟೇಪು ನನ್ನ ಹತ್ತಿರ ಇದೆಯೆಂದು ಗೊತ್ತಿದ್ದರಿಂದ, ಅಂಗಡಿಗೆ ಬಂದರು. ತಮ್ಮನ ಉಸಿರಿನ ಕತೆ ನೀವೇ ಕೇಳಿ ನೋಡಿ ಎಂಬ ಹಟ ಅವರಿಗಿತ್ತು. ಬಾಕಿನ ಮೇಲೆ ಕೂರಿಸಿ ಮೊದಲು ದಪ್ಪ ದನಿಯನ್ನು ಹಚ್ಚಿದೆ. ತಮ್ಮ ಕರಡಿಯನ್ನು ಕೇಳಿ ತಲೆದೂಗಿದರು. ಅಂಗೈ ತಾನಾಗಿಯೇ ತೊಡೆಯ ಮೇಲೆ ಬೀಳತೊಡಗಿತು. ಅದನ್ನು ತೆಗೆದು ಸಣ್ಣ ದನಿಯ ಗುಂಡಿ ತಿರುಗಿಸಿದೆ.

ಸನಾದಿ ಬಂತು. ಎರಡು ವರ್ಷ ಗುಡುಗಿನ ಕೆಳಗೆ ಹೂತುಹೋಗಿದ್ದ ದನಿ ಆ ಸಣ್ಣ ಅಂಗಡಿಯಲ್ಲಿ ಸ್ವಚ್ಛವಾಗಿ ಎದ್ದು ನಿಂತಿತು. ಎಲ್ಲಿಯೂ ಸೋತಿರಲಿಲ್ಲ, ಎಲ್ಲಿಯೂ ಕಡಿದಿರಲಿಲ್ಲ. ಮೇಲಿನ ಸ್ವರ ಹಿಡಿದು ನಿಂತಾಗ, ಇನ್ನು ಸಾಕೇನೋ ಎನ್ನುವಷ್ಟು ಹೊತ್ತು ನಿಂತು, ಆಮೇಲೆ ಅವಸರವಿಲ್ಲದೆ ಇಳಿಯುತ್ತಿತ್ತು. ದಾವಲಸಾಬ ಕೈಯಲ್ಲಿದ್ದ ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟ. ನನ್ನ ಷರಾ ನೆನಪಾಗಿ ನನ್ನ ಕಿವಿ ಬಿಸಿಯಾದವು. ಏನನ್ನುತ್ತಾರೆಂದು ಬಸಲಿಂಗಪ್ಪನವರ ಕಡೆ ತಿರುಗಿದೆ.

ಅವರು ಮೊಣಕಾಲ ಮೇಲೆ ಕೈಯೂರಿ ನಮ್ಮಿಬ್ಬರನ್ನು ನೋಡುತ್ತ ಕುಳಿತಿದ್ದರು.

“ಹಚ್ಚರಿ ಮತ್ತ,” ಎಂದರು.

ದಾವಲಸಾಬ ನನ್ನ ಮುಖ ನೋಡಿದ. ನಾನು ಅವನದು. ಅವನೇ ಮೊದಲು ಚೇತರಿಸಿಕೊಂಡು, ತಂತಿ ಬಿಟ್ಟಿದೆ ಕಾಕಾ, ಇನ್ನೊಂದು ದಿನ ಕೇಳಿದರಾಯಿತು ಎಂದ. ಆದರೆ ಮುದುಕರ ಕಣ್ಣು ಯಂತ್ರದ ಮೇಲಿತ್ತು. ಟೇಪಿನ ಚಕ್ರ ತಿರುಗುತ್ತಿತ್ತು.

“ಸೂಜಿ ಕುಣ್ಯಾಕತ್ತೈತಲ್ಲೋ ದಾವಲಾ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನಿಮಗ ಕೇಳಸಾಕತ್ತೈತೇನ್ರೀ?” ಎಂದು ಕೇಳಿದರು.

ಹೌದೆಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಎದ್ದು ಬಂದು ಸ್ಪೀಕರಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಅದರ ಕಾಗದಕ್ಕೆ ತಾಗುವಷ್ಟು ಹತ್ತಿರ ಕಿವಿ ಒಡ್ಡಿದರು. ಹೊರಗೆ ಸಂತೆಯ ಗದ್ದಲ. ಅವರ ಮುಖದ ಮೇಲೆ ಏನೂ ಬದಲಾಗಲಿಲ್ಲ. ದೂರದಲ್ಲಿ ಯಾರದೋ ಕೂಸು ಅತ್ತಂತೆ ಕೇಳುತ್ತದೆ ಎಂದರು. ಕರಡಿಯನ್ನು ಮತ್ತೆ ಹಚ್ಚಲು ಹೇಳಿದರು, ಹಚ್ಚಿದೆ; ಸನಾದಿಯನ್ನು ಹಚ್ಚಲು ಹೇಳಿದರು, ಹಚ್ಚಿದೆ. ಮೂರು ಸಲ ಹಾಗೆ ಮಾಡಿಸಿದರು. ನಲವತ್ತು ವರ್ಷ ಕರಡಿಯ ಮಗ್ಗುಲಲ್ಲಿ ನಿಂತ ಕಿವಿಯಲ್ಲಿ ದಪ್ಪ ದನಿ ಮಾತ್ರ ಉಳಿದಿತ್ತು. ಅದನ್ನು ನಾವು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಮೊಣಕಾಲಿಗೆ ಕೈಯೂರಿ ಎದ್ದು ನಿಂತು ಅಂದರು: “ಎಲ್ಲಾರ ಮುಂದ ಅಂದೇನ್ರೀ ನಾ.”

ಹಗ್ಗವನ್ನು ಬಾಕಿನ ಮೇಲೆಯೇ ಬಿಟ್ಟು ಹೊರಟರು. ದಾವಲಸಾಬ ಅದನ್ನೆತ್ತಿಕೊಂಡು ಬಸ್ ಸ್ಟ್ಯಾಂಡಿನವರೆಗೆ ಅವರ ಹಿಂದೆ ಹೋದ. ತಿರುಗಿ ಬಂದು, ನಾಳೆ ತಮ್ಮನ ಊರಿಗೆ ನೀವು ಜೊತೆಗೆ ಬರಬೇಕಂತೆ ಎಂದು ನನಗೆ ತಿಳಿಸಿದ.

ಮರುದಿನ ಮುರಗೋಡದಲ್ಲಿ ಅವರನ್ನು ಕೂಡಿಕೊಂಡು ಚಚಡಿಯ ಕಡೆ ಹೋದೆ. ಬಸ್ಸಿಳಿದ ಮೇಲೆ ಹೊಲಗಳ ನಡುವೆ ಬಹಳ ದೂರ ನಡೆಯಬೇಕಿತ್ತು. ಹೆಸರಿನ ಬೆಳೆ ಗೇಣುದ್ದ ಎದ್ದಿತ್ತು. ಬಸಲಿಂಗಪ್ಪನವರು ಮುಂದೆ, ನಾನು ಹಿಂದೆ ನಡೆದೆವು. ಮಳೆಗೆ ಹೊಲದ ಕೆಲಸ ನಿಂತಿದ್ದರಿಂದ ಮಲ್ಲಪ್ಪನವರು ಮನೆಯ ಕಟ್ಟೆಯ ಮೇಲೆ ಕುಳಿತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು. ತೆಳ್ಳನೆಯ ಮನುಷ್ಯ, ಮಾತು ಮೆದು. ಅಣ್ಣನನ್ನು ಕಂಡು ಎದ್ದು ನಿಂತರು. ಕಾಲು ತೊಳೆಯಲು ನೀರು ಬಂತು. ಬಸಲಿಂಗಪ್ಪನವರು ಅದನ್ನು ಮುಟ್ಟದೆ, ಅಂಗಳದ ಕೆಸರಿನಲ್ಲೇ ನಿಂತು ಹೇಳಿದರು:

“ಮಲ್ಲಾ, ನಿನ್ನ ಉಸರ ಹೋಗಿಲ್ಲೋ. ನನ್ನ ಕಿವಿ ಹೋಗ್ಯಾವು.”

ಮಲ್ಲಪ್ಪನವರು ಏನೋ ಅಂದರು. ಅಣ್ಣನಿಗೆ ಅದು ಕೇಳಿಸಲಿಲ್ಲ; ಕೈಯನ್ನು ಕಿವಿಗೆ ಒಡ್ಡಿ ತಮ್ಮನ ಬಾಯನ್ನೇ ನೋಡಿದರು. ಮಲ್ಲಪ್ಪನವರು ಎರಡನೆಯ ಸಲ ಗಂಟಲೆತ್ತಿ ಹೇಳಬೇಕಾಯಿತು.

“ನನಗ ಮೊದಲ ಗೊತ್ತಿತ್ತು ಯಣ್ಣಾ.”

ಕಟ್ಟೆಯ ಮೇಲೆ ಕುಳಿತ ಮೇಲೆ ಅವರು ನಿಧಾನವಾಗಿ ಹೇಳಿದ್ದು ಇಷ್ಟು. ಕಿತ್ತೂರಿನ ಮದುವೆಗಿಂತ ಒಂದು ವರ್ಷ ಮೊದಲೇ ಅವರಿಗೆ ಅನುಮಾನ ಬಂದಿತ್ತು. ಸನಾದಿ ಮೇಲೇರಿ ತಿರುವು ತೆಗೆದುಕೊಳ್ಳುವ ಜಾಗದಲ್ಲಿ ಅಣ್ಣನ ಕೋಲು ಸರಿಯಾಗಿ ಬಂದು ಕೂಡಬೇಕು, ಅದು ತಡವಾಗತೊಡಗಿತ್ತು. ಆಗಿನಿಂದ ಆ ಜಾಗ ಬಂದಾಗಲೆಲ್ಲ ಅವರು ಸನಾದಿಯ ಬಾಯನ್ನು ಮೇಲಕ್ಕೆತ್ತಿ ತೋರಿಸುತ್ತಿದ್ದರು. ಅಣ್ಣ ತನಗೇ ಅರಿವಿಲ್ಲದೆ ಅದನ್ನು ನೋಡಿ ಬಾರಿಸುವುದನ್ನು ಕಲಿತಿದ್ದರು. ಕಿತ್ತೂರಿನ ಹಂದರದಲ್ಲಿ ಜನ ನುಗ್ಗಿ ಇಬ್ಬರ ನಡುವೆ ನಿಂತುಬಿಟ್ಟರು. ಅಣ್ಣನಿಗೆ ಸನಾದಿ ಕಾಣಲಿಲ್ಲ. ಕಾಣದ್ದರಿಂದ ಸನಾದಿ ನಿಂತೇ ಹೋಯಿತೆಂದು ತಿಳಿದರು.

ಯಾಕೆ ಹೇಳಲಿಲ್ಲ ಎಂದು ಬಸಲಿಂಗಪ್ಪನವರು ಕೇಳಿದರು.

“ಹೇಳಿದ್ರ ನೀ ಕರಡಿ ಬಿಚ್ಚಿ ಇಡತಿದ್ದಿ. ಅಪ್ಪನ ಕರಡಿ ಅದು,” ಎಂದರು ಮಲ್ಲಪ್ಪನವರು.

ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಗಂಗವ್ವ ಆಗ ಬಾಯಿ ತೆರೆದರು. ಸೆರಗು ತಲೆಯ ಮೇಲಿತ್ತು, ಧ್ವನಿ ಮಾತ್ರ ನಡುಗಲಿಲ್ಲ.

“ಭಾವಾರ, ನಿಮ್ಮ ಕರಡಿ ಉಳೀತು. ಇವರನ್ನ ಎರಡ ವರ್ಷ ಒಬ್ಬರೂ ಕರೀಲಿಲ್ಲ. ಉಸರಿಲ್ಲದಾಂವ ಅಂತ ಹೆಸರ ಬಿತ್ತು. ಧಾರವಾಡದ ಸಾಹೇಬ್ರೂ ಹಂಗ ಬರದಾರ ಅಂತ ನೀವ ಊರಾಗೆಲ್ಲಾ ಹೇಳಿದ್ರಿ.”

ನನಗೆ ತಿಳಿಯಲಿಲ್ಲ. ಕೇಳಿದೆ. ಗಂಗವ್ವನೇ ಬಿಡಿಸಿ ಹೇಳಿದರು. ಆ ಮದುವೆಗೆ ಸ್ವಲ್ಪ ದಿನ ಮೊದಲು ಬಸಲಿಂಗಪ್ಪನವರು ಏನೋ ಕೆಲಸಕ್ಕೆ ಧಾರವಾಡಕ್ಕೆ ಹೋದವರು, ನಮ್ಮ ಕಚೇರಿಗೂ ಹೋಗಿ ತಮ್ಮ ಟೇಪು ಏನಾಯಿತೆಂದು ವಿಚಾರಿಸಿದ್ದರಂತೆ. ಗುಮಾಸ್ತರು ಕಪಾಟು ತೆಗೆದು ಡಬ್ಬಿಯ ಮೇಲಿದ್ದ ಷರಾವನ್ನು ಓದಿ ಹೇಳಿದ್ದರಂತೆ. ಮನಸ್ಸಿನಲ್ಲಿ ಮೊದಲೇ ಇದ್ದ ಗುಮಾನಿಗೆ ಅದು ಸಾಕಾಗಿತ್ತು. ಓದಿದವರೇ ಬರೆದಿದ್ದಾರೆಂದ ಮೇಲೆ ಇನ್ನೇನು ಎಂದುಕೊಂಡು ಅವರು ಕಿತ್ತೂರಿನ ಹಂದರಕ್ಕೆ ಹೋಗಿದ್ದರು.

ಬರೆದವನು ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಒಂದು ಗಳಿಗೆ ಸುಮ್ಮನಿರಲು ನೋಡಿದೆ ಕೂಡ. ಆಮೇಲೆ ಎದ್ದು ನಿಂತು, “ಬರದಾಂವ ನಾನರೀ. ತಪ್ಪು ನಾ ಮೈಕ್ ಇಟ್ಟದ್ದರೊಳಗ ಇತ್ತು, ಇವರ ಉಸರಿನೊಳಗ ಅಲ್ಲ. ವಿಚಾರ ಮಾಡದ ಬರದೆ,” ಎಂದೆ.

ಗಂಗವ್ವ ನನ್ನ ಕಡೆ ತಿರುಗಿದರು. ಬೈಯುತ್ತಾರೆಂದುಕೊಂಡೆ. ಅವರು ಒಳಗೆ ಹೋದರು. ಒಲೆಯ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಮೂವರಿಗೂ ರೊಟ್ಟಿ, ಪುಂಡಿಪಲ್ಲೆ ತಂದಿಟ್ಟರು. ಸಿಟ್ಟು ಇಳಿದಿರಲಿಲ್ಲ, ಅದು ತಾಟು ಇಟ್ಟ ಸದ್ದಿನಲ್ಲೇ ತಿಳಿಯುತ್ತಿತ್ತು. ನಮ್ಮ ಮನೆಯ ಕಟ್ಟಳೆಯಲ್ಲಿ ಅಂಥ ಕಡೆ ಉಣ್ಣುವಂತಿರಲಿಲ್ಲ. ಉಂಡೆ. ತಂದೆಗೆ ಆಮೇಲೆ ನಾನೇ ಹೇಳಿದೆ. ಉಂಡದ್ದಕ್ಕೆ ಅವರು ಬೈಯಲಿಲ್ಲ. ಮಾಡಿದ ತಪ್ಪನ್ನು ಮಾತ್ರ ಎರಡು ಸಲ ಬಿಡಿಸಿ ಕೇಳಿದರು.

ಹಳೆಯ ಟೇಪನ್ನು ಅಳಿಸುವುದಿಲ್ಲವೆಂದು ಧಾರವಾಡಕ್ಕೆ ಕಾಗದ ಬರೆದೆ, ಕಾರಣವನ್ನೂ ಮುಚ್ಚಿಡದೆ ಬರೆದೆ. ಎರಡು ವಾರ ಉತ್ತರ ಬರಲಿಲ್ಲ. ಕೆಲಸ ಹೋಯಿತೆಂದೇ ತಿಳಿದಿದ್ದೆ. ಕಡೆಗೆ ಹೊಸ ಟೇಪಿನ ಒಂದು ಡಬ್ಬಿ ಬಸ್ಸಿನ ಕಂಡಕ್ಟರರ ಕೈಯಲ್ಲಿ ಬಂತು, ಜೊತೆಗೆ ಎರಡು ಸಾಲಿನ ಒಣ ಚೀಟಿ. ಹಳೆಯ ಡಬ್ಬಿಯ ಮೇಲಿನ ಷರಾವನ್ನು ಹೊಡೆದು ಹಾಕಿ, ‘ಸನಾದಿ ಪೂರ್ಣ. ದೋಷ ಮುದ್ರಣದ್ದು’ ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದೆ.

ಶ್ರಾವಣದ ಎರಡನೆಯ ದಿನ ಮೇಳ ಬೈಲಹೊಂಗಲಕ್ಕೆ ಬಂತು. ದಾವಲಸಾಬ ತನ್ನ ಪರಿಚಯದವರ ಹತ್ತಿ ಗೋದಾಮನ್ನು ಕೇಳಿ ಇಟ್ಟಿದ್ದ. ಹಿಂದಿನ ವರ್ಷದ ಅರಳೆಯ ಗಂಟುಗಳು ಗೋಡೆಯುದ್ದಕ್ಕೂ ಎದೆಯೆತ್ತರ ಪೇರಿಸಿದ್ದವು. ಅಲ್ಲಿ ಮಾತನಾಡಿದರೆ ಮಾತು ಬಾಯಿಂದ ಹೊರಬಿದ್ದೊಡನೆ ಇಂಗಿಹೋಗುತ್ತಿತ್ತು. ಪ್ರತಿಧ್ವನಿ ಎಂಬುದೇ ಇಲ್ಲ. ತೊಡಕು ಮಾಡಿದ್ದು ಮಳೆ. ತಗಡಿನ ಮೇಲೆ ಹನಿ ಬಿದ್ದರೆ ಎಲ್ಲವೂ ಕೆಡುತ್ತಿತ್ತು. ಥಂಡಿಗೆ ಕರಡಿಯ ಚರ್ಮ ಸಡಿಲಾಗಿತ್ತು. ಹೊರಗೆ ಜೋಳದ ಸೊಪ್ಪೆಯ ಬೆಂಕಿ ಮಾಡಿ ಅದನ್ನು ಕಾಯಿಸಿದರು. ಸನಾದಿಯ ಊದುವ ತುದಿಗೆ ಸಿಕ್ಕಿಸುವ ಓಲೆಯ ಚೂರು ಉಬ್ಬಿಕೊಂಡಿತ್ತು. ಮಲ್ಲಪ್ಪನವರು ಅದನ್ನು ಬದಲಿಸಿ ಬದಲಿಸಿ ನೋಡಿದರು. ಮಧ್ಯಾಹ್ನದವರೆಗೆ ನಾವೆಲ್ಲ ತಗಡಿನ ಕಡೆ ಕಿವಿಯಿಟ್ಟು ಕುಳಿತೆವು. ಬಸಲಿಂಗಪ್ಪನವರಿಗೆ ಮಾತ್ರ ಮಳೆ ನಿಂತಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅವರು ನಮ್ಮ ಮುಖ ನೋಡುತ್ತಿದ್ದರು.

ಮಳೆ ನಿಂತಾಗ ಅಣ್ಣತಮ್ಮಂದಿರನ್ನು ಎದುರುಬದುರು ನಿಲ್ಲಿಸಿದೆ. ನಡುವೆ ಒಂದೇ ಮೈಕು. ಅದರ ತಂತಿ ದಾವಲಸಾಬನ ಡಬ್ಬಿಗೆ, ಡಬ್ಬಿಯಿಂದ ಎರಡು ತಂತಿ ಯಂತ್ರಕ್ಕೆ. ಎರಡು ವರ್ಷದ ಮೇಲೆ ಇಬ್ಬರೂ ಕೂಡಿ ಬಾರಿಸುತ್ತಿದ್ದರು. ಮೊದಲ ಸಲ ನಡುವೆಯೇ ಹನಿ ಬಿತ್ತು. ಎರಡನೆಯ ಸಲ ಕೋಲು ತಡವಾಯಿತು. ಬಸಲಿಂಗಪ್ಪನವರು ತಾವೇ ನಿಲ್ಲಿಸಿ, ತಪ್ಪು ತಮ್ಮದೆಂದು ಗಟ್ಟಿಯಾಗಿ ಎಲ್ಲರಿಗೂ ಹೇಳಿದರು. ಮೂರನೆಯ ಸಲ ಅವರ ಕಣ್ಣು ತಮ್ಮನ ಕೆನ್ನೆಯನ್ನು ಬಿಟ್ಟು ಕದಲಲಿಲ್ಲ. ಮೇಲಿನ ತಿರುವು ಬಂದಾಗ ಮಲ್ಲಪ್ಪನವರು ಸನಾದಿಯ ಬಾಯನ್ನು ಎತ್ತಿದರು. ಈಗ ಅದನ್ನು ಮರೆಮಾಚುವ ಅಗತ್ಯ ಇರಲಿಲ್ಲ. ಕೋಲು ಸರಿಯಾಗಿ ಬಂದು ಬಿತ್ತು. ದನಿಗಳು ಪೂರ್ತಿಯಾಗಿಯೇನೂ ಬೇರಾಗಲಿಲ್ಲ. ಕೋಲಿನ ಚಟ್ಟೆಂಬ ಸದ್ದು ಸನಾದಿಯ ಪಟ್ಟಿಗೂ ಸೋರಿತು, ಸನಾದಿಯ ಕೆಳಗಿನ ಸ್ವರಗಳು ಕರಡಿಯ ಪಟ್ಟಿಗೂ ಹೋದವು. ಆದರೆ ಎರಡೂ ಇದ್ದವು, ಒಂದು ಇನ್ನೊಂದನ್ನು ತುಳಿಯದೆ.

ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಬಸಲಿಂಗಪ್ಪನವರದು ಮುಗಿದಿರಲಿಲ್ಲ. ಕಿತ್ತೂರಿಗೆ ಬರಬೇಕು, ಅಲ್ಲಿಯ ಜನರಿಗೆ ಸನಾದಿಯ ಪಟ್ಟಿಯೊಂದನ್ನೇ ಕೇಳಿಸಬೇಕು, ಕರಡಿ ಬೇಡ ಎಂದು ನನ್ನನ್ನು ಕೇಳಿದರು. ವರ್ತಕರಿಗೆ ಹೇಳಿಕಳಿಸಿದಾಗ, ಪಂಚಮಿಗೆಂದು ತವರಿಗೆ ಬಂದ ಮಗಳನ್ನು ಹಬ್ಬ ಮುಗಿಸಿ ಕಳಿಸುವ ದಿನ ಓಣಿಯವರೆಲ್ಲ ಮನೆಯಲ್ಲಿ ಕೂಡುತ್ತಾರೆ, ಅವತ್ತೇ ಬನ್ನಿ ಎಂದು ಉತ್ತರ ಬಂತು. ಆ ಮಗಳದೇ ಮದುವೆ ಎರಡು ವರ್ಷದ ಹಿಂದಿನದು. ಮಲ್ಲಪ್ಪನವರಿಗೆ ಬರಲು ಮನಸ್ಸಿರಲಿಲ್ಲ. ಗಂಗವ್ವ ಸನಾದಿಯ ಚೀಲವನ್ನು ಅವರ ಹೆಗಲಿಗೆ ಹಾಕಿ ಕಳಿಸಿದರು.

ಹೆದ್ದಾರಿಗೆ ಹತ್ತಿರದ ಮನೆ. ಪಡಸಾಲೆಯಲ್ಲಿ ಹದಿನೈದು ಇಪ್ಪತ್ತು ಜನ. ವರ್ತಕರ ತಾಯಿ, ಬಹಳ ವಯಸ್ಸಾದವರು, ಕಂಬಕ್ಕೆ ಒರಗಿ ಕುಳಿತಿದ್ದರು. ಮಲ್ಲಪ್ಪನವರು ಬಾಗಿಲ ಹತ್ತಿರವೇ ಕೂತರು. ಬಸಲಿಂಗಪ್ಪನವರು ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತರು. ಈ ಮನೆಯ ಹಂದರದಲ್ಲಿ ತಾನು ಆಡಿದ ಮಾತು ಸುಳ್ಳು, ತಮ್ಮನ ಉಸಿರಿಗೆ ಏನೂ ಆಗಿಲ್ಲ, ತನಗೇ ಕಿವಿ ಕೇಳುವುದಿಲ್ಲ, ಈಗ ನೀವೇ ಕೇಳಿ ಎಂದರು. ಸುತ್ತುಬಳಸು ಇರಲಿಲ್ಲ. ನನ್ನ ಷರಾದ ಮಾತನ್ನು ಅವರು ಎತ್ತಲಿಲ್ಲ. ಅದನ್ನು ನಾನು ಹೇಳಿದೆ.

ಟೇಪು ಹಚ್ಚಿದೆ. ಎಲ್ಲರ ಮುಂದೆ ಬಸಲಿಂಗಪ್ಪನವರು ಕುಳಿತಿದ್ದರು. ಅವರಿಗೆ ಆ ದನಿ ಕೇಳುತ್ತಿರಲಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವರು ಒಂದೊಂದೇ ಮುಖವನ್ನು ನೋಡುತ್ತ ಹೋದರು. ಹೊರಗೆ ಲಾರಿ ಹಾಯ್ದಾಗ ಜನ ಯಂತ್ರದ ಕಡೆ ಬಾಗುತ್ತಿದ್ದರು. ಅವರು ಅದನ್ನೂ ನೋಡಿದರು. ಟೇಪು ಮುಗಿಯಿತು. ಬಸಲಿಂಗಪ್ಪನವರು ಕಂಬದ ಕಡೆ ತಿರುಗಿ, “ಹೆಂಗಿತ್ತವ್ವಾ?” ಎಂದು ಕೇಳಿದರು.

ಮುದುಕಿ ಕಂಬ ಹಿಡಿದು ಎದ್ದರು. ಬಂದು ಅವರ ಪಕ್ಕದಲ್ಲಿ ಕುಳಿತು, ಅವರ ಕಿವಿಯ ಹತ್ತಿರ ಬಾಯಿಟ್ಟು, ಇಡೀ ಪಡಸಾಲೆಗೆ ಕೇಳುವಂತೆ ಹೇಳಿದರು:

“ಅವತ್ತ ನಮ್ಮ ಹುಡುಗೀನ ಬರೇ ಕರಡಿ ಬಡದು ಕಳಸಿದ್ರೆಪಾ. ಇದು ಅವತ್ತ ಬೇಕಾಗಿತ್ತು.”

“ಹೌದವ್ವಾ,” ಎಂದರು ಬಸಲಿಂಗಪ್ಪನವರು.

ಒಳಗಿನಿಂದ ಆ ಹುಡುಗಿ ಕಂಕುಳಲ್ಲಿ ಕೂಸನ್ನೆತ್ತಿಕೊಂಡು, ಉಡಿ ತುಂಬಿಸಿಕೊಂಡು ಹೊರಬಂದಳು. ಬಸ್ಸಿನ ಹೊತ್ತಾಗಿತ್ತು. ಯಾರೂ ಕೇಳಲಿಲ್ಲ, ಮಲ್ಲಪ್ಪನವರು ತಾವಾಗಿಯೇ ಚೀಲ ಬಿಚ್ಚಿದರು. ಹೊಸ್ತಿಲ ಹೊರಗೆ ನಿಂತು, ಓಲೆಯನ್ನು ತುಟಿಯಲ್ಲಿ ತೋಯಿಸಿ ಊದಿದರು. ಮಳೆ ಹೊಳವಾಗಿತ್ತು. ಹುಡುಗಿ ಮುಂದೆ, ಹೆಂಗಸರು ಸುತ್ತ, ಅವರ ಹಿಂದೆ ಸನಾದಿ. ಬಸಲಿಂಗಪ್ಪನವರು ಕರಡಿ ತಂದಿರಲಿಲ್ಲ. ಒಂದಿಷ್ಟು ದೂರ ಬರಿಗೈಯಲ್ಲಿ ಏನು ಮಾಡಬೇಕೆಂದು ತಿಳಿಯದವರಂತೆ ಪಕ್ಕದಲ್ಲಿ ನಡೆದರು. ಆಮೇಲೆ ತಮ್ಮನ ಬೆನ್ನಿನ ಮೇಲೆ ಅಂಗೈ ಇಟ್ಟರು. ಉಸಿರು ತುಂಬಿದಾಗ ಆ ಬೆನ್ನು ಏಳುತ್ತಿತ್ತು, ಸ್ವರ ಹಿಡಿದು ನಿಂತಾಗ ಬಿಗಿದು ನಿಲ್ಲುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು. ನಾನು ಯಂತ್ರವನ್ನು ಹೊತ್ತುಕೊಂಡು ಹಿಂದೆ ಬರುತ್ತಿದ್ದೆ. ಅದನ್ನು ಹಚ್ಚಬೇಕೆಂದು ನನಗೆ ತೋಚಲೇ ಇಲ್ಲ. ಬಸ್ಸು ಬರುವ ಹೆದ್ದಾರಿಯವರೆಗೂ ಅವರು ಆ ಕೈಯನ್ನು ತೆಗೆಯಲಿಲ್ಲ.